ಬಾವಿಕಟ್ಟೆಯ ಹತ್ತಿರ ಹೋಗಲು ಹೆದರುವ ತಾಯಿಗೆ

ಓದುಗರೊಬ್ಬರ ಪತ್ರ:

"ಡಾಕ್ಟ್ರೇ, ನನಗೆ 27 ವರ್ಷ. ತೀರ್ಥಹಳ್ಳಿ ಕಡೆ ತೋಟದ ನಡುವೆ ನಮ್ಮದು ಒಂಟಿ ಮನೆ. ನಾಲ್ಕೂವರೆ ತಿಂಗಳ ಹೆಣ್ಣು ಮಗು ಇದೆ. ಜೋರು ಮಳೆಗಾಲದಲ್ಲಿ ಸಿಸೇರಿಯನ್ ಆಗಿ ಹುಟ್ಟಿದವಳು. ಮೂರು ತಿಂಗಳು ತವರಿನಲ್ಲಿ ಬಾಣಂತನ ಆಯಿತು. ಅಮ್ಮ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಗಂಡನ ಮನೆಗೆ ಬಂದು ಈಗ ಆರು ವಾರ. ಯಾರಿಗೂ ಹೇಳದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಮಗುವನ್ನು ಎತ್ತಿಕೊಂಡರೆ ನನಗೆ ಏನೂ ಅನಿಸುವುದಿಲ್ಲ. ಯಾರದೋ ಮಗುವನ್ನು ನೋಡಿಕೊಳ್ಳುತ್ತಿದ್ದೇನೆ ಅನಿಸುತ್ತದೆ. ಅವಳು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಒಂದು ತಿಂಗಳ ಹಿಂದೆ ಅವಳನ್ನು ಎತ್ತಿಕೊಂಡು ಬಾವಿಕಟ್ಟೆಯ ಹತ್ತಿರ ನಿಂತಿದ್ದೆ. ಕೈಬಿಟ್ಟರೆ ಏನಾಗುತ್ತದೆ ಅಂತ ಒಂದು ಯೋಚನೆ ಬಂತು. ಮೈಯೆಲ್ಲ ಬೆವರಿ ಒಳಗೆ ಓಡಿಬಂದೆ. ಆವತ್ತಿನಿಂದ ಬಾವಿ ಕಡೆ ಹೋಗಿಲ್ಲ. ಈಗ ಅಡಿಕೆ ಸುಲಿಯುವ ಸಮಯ. ಮೆಟ್ಟುಗತ್ತಿ ಕಂಡರೂ ಕೈ ನಡುಗುತ್ತದೆ. ಇವರ ಅಜ್ಜನ ಕಾಲದಲ್ಲಿ ಈ ಮನೆಯ ಬಾಣಂತಿಯೊಬ್ಬರು ಅದೇ ಬಾವಿಯಲ್ಲಿ ಜೀವ ಕಳೆದುಕೊಂಡರಂತೆ. ಅವರೇನಾದರೂ ನನ್ನ ಮೈಮೇಲೆ ಬಂದಿದ್ದಾರಾ? ಅತ್ತೆ ನೋಟ ಕೇಳಿಸಿ ದಾರ ಕಟ್ಟಿಸಿದ್ದಾರೆ. ಕೆಟ್ಟವರಲ್ಲ. ಆದರೆ ಬೇಸರ ಅಂದರೆ 'ನಾವೂ ಹೆತ್ತಿಲ್ವಾ' ಅನ್ನುತ್ತಾರೆ. ಗಂಡನಿಗೆ ಹೇಳಿದರೆ ಮಗುವನ್ನು ಇಟ್ಟುಕೊಂಡು ನನ್ನನ್ನು ತವರಿಗೆ ಕಳಿಸಿಬಿಟ್ಟರೆ? ಮಾತ್ರೆ ತಗೊಂಡರೆ ಎದೆಹಾಲು ಬಿಡಿಸಬೇಕಾ? ಒಮ್ಮೊಮ್ಮೆ ನಾನು ಇಲ್ಲದಿದ್ದರೇ ಇವಳಿಗೆ ಒಳ್ಳೆಯದು ಅನಿಸುತ್ತದೆ. ತಾಯಿ ಅನ್ನಿಸಿಕೊಳ್ಳಲು ನಾನು ಲಾಯಕ್ಕಾ, ಹೇಳಿ."

(ಪತ್ರ ಇದಕ್ಕಿಂತ ಉದ್ದ ಇತ್ತು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬಾವಿಯ ಬಗ್ಗೆ ನೀವು ಒಂದೂವರೆ ಪುಟ ಬರೆದಿದ್ದೀರಿ. ನೀವು ಇಲ್ಲದಿದ್ದರೆ ಮಗುವಿಗೆ ಒಳ್ಳೆಯದು ಅನ್ನುವುದನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಜಾಸ್ತಿ ಚಿಂತೆಯಾದದ್ದು ಆ ಒಂದು ಸಾಲಿನಿಂದ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ಯೋಚನೆ ಸುಮ್ನೆ ಬಂದು ಹೋಗುತ್ತದೆಯಾ, ಅಥವಾ ಹೇಗೆ, ಯಾವಾಗ ಅಂತೆಲ್ಲ ಲೆಕ್ಕ ಹಾಕುವವರೆಗೆ ಬಂದಿದೆಯಾ? ಎರಡನೆಯದಾದರೆ ಉಳಿದದ್ದನ್ನು ಆಮೇಲೆ ಓದಿ. ಮನೆಯಲ್ಲಿ ಯಾರಿದ್ದರೂ ಈಗಲೇ ಕೂಗಿ ಕರೆಯಿರಿ. ಒಬ್ಬರೇ ಇರಬೇಡಿ. ಇವತ್ತೇ ಆಸ್ಪತ್ರೆಗೆ ಹೊರಡಿ. ರಾತ್ರಿಯಾಗಿದ್ದು ಗಾಡಿ ಇಲ್ಲ ಅಂದರೆ 108ಕ್ಕೆ ಫೋನ್ ಮಾಡಿ. ಮಾತಾಡಲು ಯಾರಾದರೂ ಬೇಕು ಅನಿಸಿದರೆ ಟೆಲಿ ಮನಸ್ ಇದೆ, ನಂಬರ್ 14416. ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸೇವೆ. ದುಡ್ಡು ಬೇಕಾಗಿಲ್ಲ, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲನೆಯದಾದರೂ ಈ ವಾರದೊಳಗೆ ವೈದ್ಯರನ್ನು ಕಾಣಬೇಕು. ಅಡಿಕೆ ಕೊಯ್ಲು ಮುಗಿಯಲಿ ಅಂತ ಕಾಯಬೇಡಿ.

ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. 'ನಾನಿಲ್ಲದಿದ್ದರೆ ಅವರೆಲ್ಲ ಚೆನ್ನಾಗಿರುತ್ತಾರೆ' ಅನ್ನುವ ಮಾತನ್ನು ನನ್ನ ಕೋಣೆಯಲ್ಲಿ ತುಂಬಾ ತಾಯಂದಿರ ಬಾಯಲ್ಲಿ ಕೇಳಿದ್ದೇನೆ. ಹೆಚ್ಚುಕಡಿಮೆ ಅದೇ ಶಬ್ದಗಳು. ಬೇರೆ ಬೇರೆ ಊರು, ಬೇರೆ ಬೇರೆ ಜಾತಿ, ಒಬ್ಬರಿಗೊಬ್ಬರು ಪರಿಚಯವೂ ಇಲ್ಲ. ಎಲ್ಲರೂ ಒಂದೇ ಮಾತು ಹೇಳುತ್ತಾರೆ ಅಂದರೆ, ಅದು ಅವರವರ ಬದುಕಿನ ಸತ್ಯ ಅಲ್ಲ. ಕಾಯಿಲೆ ಹೇಳಿಸುವ ಮಾತು. ಜ್ವರ ಬಂದವರಿಗೆ ಬಾಯಿ ಕಹಿಯಾಗುತ್ತದಲ್ವಾ? ಗಂಜಿ ಕಹಿಯಾಗಿರುವುದಿಲ್ಲ.

ಇನ್ನು ಬಾವಿಯ ವಿಷಯಕ್ಕೆ ಬರೋಣ.

ನೀವು ಕುಂದಾದ್ರಿಗೆ ಹೋಗಿರಬಹುದು. ಮೇಲಿನ ಬಂಡೆಯ ಅಂಚಿಗೆ ಬಂದಾಗ 'ಇಲ್ಲಿಂದ ಬಿದ್ದುಬಿಟ್ಟರೆ' ಅಂತ ಮೈ ಜುಮ್ಮೆನ್ನುವುದು ಎಷ್ಟೋ ಜನರಿಗೆ ಗೊತ್ತು. ಬೀಳುವ ಆಸೆ ಇರುವುದಿಲ್ಲ. ಮನಸ್ಸು ಅಪಾಯವನ್ನು ಮುಂಚೆಯೇ ನೋಡಿ ಕೂಗಿಕೊಳ್ಳುತ್ತದೆ ಅಷ್ಟೆ. ಹೊಸ ತಾಯಂದಿರಲ್ಲಿ ಈ ಕೂಗು ತುಂಬಾ ಜೋರು. ಮಗುವಿಗೆ ಉಸಿರಾಟ ನಿಂತರೆ? ಕೈ ಜಾರಿದರೆ? ನಾನೇ ಏನಾದರೂ ಮಾಡಿಬಿಟ್ಟರೆ? ಕೆನಡಾದಲ್ಲಿ ಹೊಸ ತಾಯಂದಿರನ್ನೇ ಕೇಳಿ ಮಾಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆಕಸ್ಮಿಕವಾಗಿ ಮಗುವಿಗೆ ಏನೋ ಆಗುವ ಯೋಚನೆ ಎಲ್ಲರಿಗೂ ಬಂದಿತ್ತು. ತಾನೇ ಬೇಕೆಂದು ನೋವು ಮಾಡಿದಂತೆ ಯೋಚನೆ ಬಂದದ್ದು ಸುಮಾರು ಅರ್ಧದಷ್ಟು ತಾಯಂದಿರಿಗೆ. ಅವರು ಆರೋಗ್ಯವಾಗಿದ್ದ ಸಾಮಾನ್ಯ ಹೆಂಗಸರು. ಯಾರೂ ಹೊರಗೆ ಹೇಳುವುದಿಲ್ಲ, ಅದಕ್ಕೆ ನನಗೊಬ್ಬಳಿಗೇ ಹೀಗೆ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ.

ಆ ಯೋಚನೆ ಬಂದಾಗ ನೀವು ಏನು ಮಾಡಿದಿರಿ ನೋಡಿ. ಬೆವರಿದಿರಿ. ಮಗುವನ್ನು ಅಪ್ಪಿಕೊಂಡು ಒಳಗೆ ಓಡಿದಿರಿ. ಒಂದು ತಿಂಗಳಿಂದ ಬಾವಿ ಕಡೆ ಹೋಗಿಲ್ಲ. ಮಗುವಿಗೆ ಕೇಡು ಬಯಸುವವರು ಹೀಗೆ ಮಾಡುತ್ತಾರಾ? ಯೋಚನೆ ಕಂಡು ನಿಮಗೆ ಹೇಸಿಗೆ, ಭಯ ಆಗುತ್ತಿದೆ ಅಂದರೆ ಅದು ನಿಮ್ಮ ಬಯಕೆ ಅಲ್ಲ. ಇಂಥ ಯೋಚನೆಗೆ ಹೆದರಿ ನಡುಗುವ ತಾಯಿ ಅದನ್ನು ಮಾಡುವ ಸಂಭವ ತೀರಾ ಕಡಿಮೆ. ವೈದ್ಯರಾಗಿ ನಾವು ಗಾಬರಿಯಾಗುವುದು ಬೇರೆ ಕಡೆ. ಆ ಯೋಚನೆ ಸರಿ ಅಂತಲೇ ಅನಿಸತೊಡಗಿದರೆ, ಮಾಡು ಅಂತ ಕಿವಿಯಲ್ಲಿ ಯಾರೋ ಹೇಳಿದಂತೆ ಕೇಳಿಸಿದರೆ, ಮಗುವಿನ ಒಳಗೆ ದೆವ್ವವೋ ದೇವರೋ ಇದೆ ಅನಿಸಿದರೆ, ಎರಡು ಮೂರು ದಿನ ನಿದ್ದೆಯೇ ಇಲ್ಲದೆಯೂ ಸುಸ್ತಾಗದೆ ಓಡಾಡುತ್ತಾ ಮಾತು ಒಂದಕ್ಕೊಂದು ಸಂಬಂಧವಿಲ್ಲದೆ ಹರಿದರೆ. ಇದರಲ್ಲಿ ಒಂದು ಕಂಡರೂ ತಾಯಿಯನ್ನು, ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆತರಬೇಕು.

ನಮ್ಮ ಹಿರಿಯರು ಬಾಣಂತಿ ಸನ್ನಿ ಅನ್ನುತ್ತಿದ್ದದ್ದು ಇದಕ್ಕೇ. ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ ಆಗುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರುವಾಗುತ್ತದೆ. ಅದಕ್ಕೂ ಒಳ್ಳೆಯ ಚಿಕಿತ್ಸೆ ಇದೆ. ಆದರೆ ಊರಲ್ಲಿ ಬಾಣಂತಿ ಕಣ್ಣೀರು ಹಾಕಿದರೂ ಸನ್ನಿ, ಊಟ ಬಿಟ್ಟರೂ ಸನ್ನಿ. ಹೆಸರು ಒಂದೇ ಆದದ್ದರಿಂದ ನಿಮ್ಮಂಥವರು ಬಾಯಿ ಮುಚ್ಚಿಕೊಳ್ಳುತ್ತೀರಿ. ಪತ್ರದಲ್ಲಿ ನೀವು ಹೇಳಿದ್ದನ್ನು ನೋಡಿದರೆ ನಿಮ್ಮದು ಸನ್ನಿಯಂತೆ ಕಾಣುವುದಿಲ್ಲ. ಹೆರಿಗೆಯ ನಂತರದ ಖಿನ್ನತೆ, ಅದರ ಜೊತೆಗೆ ಬೇಡವೆಂದರೂ ನುಗ್ಗುವ ಯೋಚನೆಗಳು. ಎದುರು ಕೂರಿಸಿಕೊಂಡು ಮಾತಾಡದೆ ಖಚಿತ ಹೇಳಬಾರದು. ಅದಕ್ಕೇ ಬನ್ನಿ ಅನ್ನುತ್ತಿರುವುದು.

ಮೊದಲ ವಾರದ ಅಳು ಇದಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೆತ್ತ ಮೂರ್ನಾಲ್ಕು ದಿನಕ್ಕೆ ಸುಮ್ನೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ. ಎರಡು ವಾರದೊಳಗೆ ತಾನೇ ಹೋಗುತ್ತದೆ. ನಿಮ್ಮದು ನಾಲ್ಕೂವರೆ ತಿಂಗಳಾದರೂ ಹೋಗಿಲ್ಲ.

ಆ ಹಳೆಯ ಬಾಣಂತಿಯ ಕಥೆ ಓದಿ ನನಗೆ ಸಂಕಟವಾಯಿತು. ಆಕೆ ನಿಮ್ಮ ಮೈಮೇಲೆ ಬಂದಿಲ್ಲ. ಆಕೆಯ ಕಥೆ ನಿಮ್ಮ ಕಿವಿಗೆ ಬಂದಿದೆ, ಅಷ್ಟೆ. ಮದುವೆಯಾಗಿ ಬಂದ ಹುಡುಗಿಗೆ ಯಾರೋ ಅದನ್ನು ಪಿಸುಮಾತಿನಲ್ಲಿ ಹೇಳಿರುತ್ತಾರೆ. ನೀವೂ ಮರೆತಿರುತ್ತೀರಿ. ನಿದ್ದೆಗೆಟ್ಟ, ಸೋತ ಮನಸ್ಸು ಅಪಾಯ ಹುಡುಕಲು ಹೊರಟಾಗ ಮೊದಲು ಸಿಕ್ಕಿದ್ದು ಆ ಬಾವಿ. ಬಾವಿಯ ಕಥೆ ಇಲ್ಲದ ಮನೆಯಲ್ಲಿ ಅದು ಮೆಟ್ಟಿಲಾಗಿರುತ್ತಿತ್ತು, ಇಲ್ಲವೇ ಸ್ನಾನದ ಹಂಡೆ. ಇನ್ನೊಂದು ಮಾತು. ಆಕೆ ನಿಮ್ಮ ರಕ್ತಸಂಬಂಧಿ ಅಲ್ಲ, ಗಂಡನ ಮನೆಯವರು. ಹಾಗಾಗಿ ವಂಶದಿಂದ ನಿಮಗೆ ಇದು ಬಂತು ಅನ್ನುವುದಕ್ಕೂ ಅರ್ಥವಿಲ್ಲ. ನಿಮ್ಮ ತವರಿನ ಕಡೆ ಯಾರಿಗಾದರೂ ಹೀಗೆ ಆಗಿತ್ತಾ ಅಂತ ಮಾತ್ರ ಅಮ್ಮನನ್ನು ಕೇಳಿ. ಅದು ನಮಗೆ ಉಪಯೋಗಕ್ಕೆ ಬರುತ್ತದೆ.

ಆ ಹೆಣ್ಣುಮಗಳಿಗೂ ಬಹುಶಃ ನಿಮ್ಮ ಕಾಯಿಲೆಯೋ ಅದಕ್ಕಿಂತ ಜೋರಾದದ್ದೋ ಇತ್ತು. ಆಗ ಈ ಮಲೆನಾಡಿನಲ್ಲಿ ಅದಕ್ಕೆ ಹೆಸರಿರಲಿಲ್ಲ, ಮದ್ದಿರಲಿಲ್ಲ. ಈಗ ಎರಡೂ ಇವೆ.

ಮಗುವನ್ನು ಕಂಡರೆ ಏನೂ ಅನಿಸುವುದಿಲ್ಲ ಅಂದಿರಿ. ಮಗುವಿನ ಮುಖ ನೋಡಿದ ಕ್ಷಣವೇ ಪ್ರೀತಿ ಉಕ್ಕುತ್ತದೆ ಅನ್ನುವುದು ನಾವು ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಹೇಳಿಕೊಂಡು ಬಂದ ಸುಳ್ಳು. ಕೆಲವರಿಗೆ ಉಕ್ಕುತ್ತದೆ, ನಿಜ. ತುಂಬಾ ಜನರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ನನ್ನ ಮೊದಲ ಮಗುವಿನ ಹೊತ್ತಿಗೆ ನಾನು ಆಗಲೇ ಮನೋವೈದ್ಯೆ. ಆದರೂ ಆರನೇ ವಾರದಲ್ಲಿ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ನೀರು ಬಿಟ್ಟು, ಅದರ ಸದ್ದಿನಲ್ಲಿ ಅಳುತ್ತಿದ್ದೆ. ಹೊರಗೆ ಮಗು ಅಳುತ್ತಿತ್ತು. ಬಾಗಿಲು ತೆಗೆಯುವ ಮನಸ್ಸು ಬರುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಎಲ್ಲ ಗೊತ್ತಿದ್ದವಳಿಗೇ ಹೇಳಲು ಆಗಲಿಲ್ಲ. ನೀವು ರಾತ್ರಿ ಎರಡು ಗಂಟೆಗೆ ಕೂತು ಇಷ್ಟುದ್ದ ಬರೆದಿದ್ದೀರಿ. ಅದು ಸಣ್ಣ ಕೆಲಸ ಅಲ್ಲ.

ಖಿನ್ನತೆಯಲ್ಲಿ ಪ್ರೀತಿ ಸಾಯುವುದಿಲ್ಲ, ಅದು ಮುಟ್ಟುವ ದಾರಿ ಮುಚ್ಚಿಹೋಗುತ್ತದೆ. ಊಟದ ರುಚಿ ಹೋಗಿರುತ್ತದೆ, ಹಾಡು ಕೇಳುವ ಮನಸ್ಸು ಹೋಗಿರುತ್ತದೆ, ಮಗುವಿನ ಮೇಲಿನ ಅಕ್ಕರೆಯೂ ಅದೇ ಸಾಲಿನಲ್ಲಿ ಹೋಗಿರುತ್ತದೆ. ಕಾಯಿಲೆ ಇಳಿದಂತೆ ಮರಳಿ ಬರುತ್ತದೆ. ಅಲ್ಲಿಯವರೆಗೆ ನೀವು ಅವಳಿಗೆ ಹಾಲು ಕೊಡುತ್ತಿದ್ದೀರಿ, ಬಟ್ಟೆ ಬದಲಿಸುತ್ತಿದ್ದೀರಿ, ರಾತ್ರಿ ಎದ್ದು ನೋಡುತ್ತಿದ್ದೀರಿ. ಮಗುವಿಗೆ ಬೇಕಾದದ್ದು ಸಿಗುತ್ತಲೇ ಇದೆ. ಲಾಯಕ್ಕಾ ಅಂತ ಕೇಳಿದಿರಲ್ಲ, ಹೌದು, ಲಾಯಕ್ಕೇ. ಕಾಯಿಲೆ ಬಿದ್ದ ತಾಯಿ, ಅಷ್ಟೆ.

ಯಾಕೆ ಹೀಗಾಯಿತು? ಒಂದೇ ಕಾರಣ ಇರುವುದಿಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ ದೇಹದೊಳಗಿನ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ದಿಢೀರ್ ಕುಸಿಯುತ್ತವೆ. ಕೆಲವರ ಮಿದುಳು ಆ ಏರಿಳಿತಕ್ಕೆ ಸೂಕ್ಷ್ಮ. ಅದರ ಮೇಲೆ ತಿಂಗಳುಗಟ್ಟಲೆ ತುಂಡು ತುಂಡು ನಿದ್ದೆ. ಸಿಸೇರಿಯನ್ ಗಾಯ. ರಕ್ತಹೀನತೆ ನಮ್ಮ ರಾಜ್ಯದ ಸುಮಾರು ಅರ್ಧದಷ್ಟು ಹೆಂಗಸರಿಗೆ ಇದೆ, ಬಾಣಂತಿಯರಿಗೆ ಇನ್ನೂ ಸುಲಭವಾಗಿ ಬರುತ್ತದೆ. ಸಸ್ಯಾಹಾರಿಗಳಾದರೆ ಬಿ12 ಕೊರತೆಯನ್ನೂ ನೋಡಬೇಕು. ಥೈರಾಯ್ಡ್ ಮುಖ್ಯ. ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ನೂರರಲ್ಲಿ ಸುಮಾರು ಐದು ತಾಯಂದಿರ ಥೈರಾಯ್ಡ್ ಗ್ರಂಥಿ ಕೆಡುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೊತ್ತಿಗೆ ಅದರ ಕೆಲಸ ತಗ್ಗಿ ಸುಸ್ತು, ಬೇಸರ, ಮಂಕು ಬರುತ್ತದೆ. ನೀವು ಸರಿಯಾಗಿ ಆ ತಿಂಗಳುಗಳಲ್ಲೇ ಇದ್ದೀರಿ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಮನೆಯ ಕಾರಣಗಳೂ ಇರುತ್ತವೆ. ಪತ್ರದಲ್ಲಿ ಹೆಣ್ಣು ಮಗು ಅಂತ ಬರೆದು ಆ ಬಗ್ಗೆ ಮತ್ತೇನೂ ಹೇಳಲಿಲ್ಲ. ಯಾರಾದರೂ ಮುಖ ಸಣ್ಣ ಮಾಡಿದರಾ? 'ಮುಂದಿನದು ಗಂಡಾಗಲಿ ಬಿಡು' ಅಂದರಾ? ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಜೊತೆಗಾರರು 252 ತಾಯಂದಿರನ್ನು ಗಮನಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 59 ಮಂದಿಗೆ ಹೆರಿಗೆಯ ನಂತರದ ಖಿನ್ನತೆ ಇತ್ತು. ಬಡತನ, ಗಂಡನ ಜೊತೆಗಿನ ಜಗಳ-ಹೊಡೆತ, ಹೆಣ್ಣು ಹುಟ್ಟಿದ್ದು, ಇವು ಕಾಯಿಲೆಗೆ ದಾರಿ ಮಾಡಿದ್ದವು. ಮಗು ಹೆಣ್ಣಾದದ್ದು ಕಾಯಿಲೆ ತರುವುದಿಲ್ಲ. ಸುತ್ತಲಿನವರ ಮಾತು ತರುತ್ತದೆ.

ಅತ್ತೆಯವರ 'ನಾವೂ ಹೆತ್ತಿಲ್ವಾ' ಅನ್ನುವ ಮಾತಿಗೆ ಬರುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಹೆತ್ತಾಗ ಆ ಮನೆಯಲ್ಲಿ ಹತ್ತು ಹನ್ನೆರಡು ಜನ ಇದ್ದಿರಬೇಕು. ವಾರಗಿತ್ತಿ ಮಗುವನ್ನು ಎತ್ತಿಕೊಂಡರೆ ಅತ್ತಿಗೆ ಬಟ್ಟೆ ಒಗೆಯುತ್ತಿದ್ದರು, ಅಜ್ಜಿ ತೊಟ್ಟಿಲು ತೂಗುತ್ತಿದ್ದರು. ಈಗ ನಮ್ಮ ಮಲೆನಾಡಿನ ತೋಟದ ಮನೆಗಳಲ್ಲಿ ಎಷ್ಟು ಜನ ಇದ್ದಾರೆ? ಓದಿದವರೆಲ್ಲ ಬೆಂಗಳೂರು ಸೇರಿದ್ದಾರೆ. ಇರುವ ನಾಲ್ಕು ಜನರಲ್ಲಿ ಇಬ್ಬರಿಗೆ ವಯಸ್ಸಾಗಿದೆ, ಒಬ್ಬರು ದಿನವಿಡೀ ತೋಟದಲ್ಲಿ. ಪಕ್ಕದ ಮನೆಗೆ ಹೋಗಲು ಗುಡ್ಡ ಇಳಿದು ಹಳ್ಳ ದಾಟಬೇಕು. ಅದೇ ಅಡಿಕೆ, ಅದೇ ಕೊಯ್ಲು, ಕೈಗಳು ಮಾತ್ರ ಕಡಿಮೆ. ತವರಿನಲ್ಲಿ ಮೂರು ತಿಂಗಳು ಅಮ್ಮನ ಆರೈಕೆಯಲ್ಲಿದ್ದವರು ಒಮ್ಮೆಲೇ ಇಲ್ಲಿಗೆ ಬಂದಿದ್ದೀರಿ. ಅಲ್ಲಿ ಮುಚ್ಚಿಹೋಗಿದ್ದ ಬೇಸರ ಇಲ್ಲಿ ಎದ್ದು ನಿಂತಿದೆ.

ದಾರ, ನೋಟ, ಚೌಡಿಗೆ ಪೂಜೆ. ಇವುಗಳ ಬಗ್ಗೆ ನನಗೆ ಜಗಳವಿಲ್ಲ. ಅತ್ತೆಗೆ ನಿಮ್ಮ ಮೇಲೆ ಕಾಳಜಿ ಇರುವುದಕ್ಕೇ ಅಷ್ಟು ದೂರ ಹೋಗಿ ಕೇಳಿಸಿಕೊಂಡು ಬಂದಿದ್ದಾರೆ. ದಾರ ಇರಲಿ. ಆದರೆ ಹೊಡೆಯುವುದು, ಉಪವಾಸ ಕೆಡವುವುದು, ಹೊಗೆ ಹಾಕುವುದು, ಮಗುವನ್ನು ದೂರ ಇಡುವುದು, ಇಂಥದ್ದು ಯಾರು ಹೇಳಿದರೂ ಒಪ್ಪಬೇಡಿ. ಪೂಜೆ ಮುಗಿಯಲಿ ಆಮೇಲೆ ಡಾಕ್ಟರು ಅನ್ನುವುದೂ ಬೇಡ. ಎರಡೂ ಒಟ್ಟಿಗೆ ನಡೆಯಲಿ. ಬಾಣಂತಿ ನೀರು ಜಾಸ್ತಿ ಕುಡಿಯಬಾರದು ಅನ್ನುವ ಪದ್ಧತಿ ನಿಮ್ಮಲ್ಲಿ ಇನ್ನೂ ಇದ್ದರೆ ಬಿಡಿ. ಹಾಲುಣಿಸುವವರಿಗೆ ಬಾಯಾರಿಕೆ ಜಾಸ್ತಿ, ಬಾಯಾರಿದಾಗೆಲ್ಲ ಕುಡಿಯಬೇಕು. ಲೇಹ್ಯ, ಖಾರ ತಿನ್ನುವುದಾದರೆ ತಿನ್ನಿ. ಅದರಿಂದ ಖಿನ್ನತೆ ಹೋಗುತ್ತದೆ ಅಂತ ಮಾತ್ರ ಕಾಯಬೇಡಿ.

ಈಗ ನಿಮ್ಮ ಮುಂದೆ ಏನೇನು ದಾರಿ ಇದೆ?

ಕಾದು ನೋಡುವುದು ಒಂದು. ಹೆಚ್ಚಿನ ಮನೆಗಳಲ್ಲಿ ಮಾಡುವುದು ಇದನ್ನೇ. ಕೆಲವರಿಗೆ ತಾನೇ ಕಡಿಮೆಯೂ ಆಗುತ್ತದೆ. ಆದರೆ ಆ ಗೋವಾ ಅಧ್ಯಯನದಲ್ಲಿ ಕಾಯಿಲೆ ಬಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ತಾಯಂದಿರಿಗೆ ಮಗುವಿಗೆ ಆರು ತಿಂಗಳಾದಾಗಲೂ ಇಳಿದಿರಲಿಲ್ಲ. ನಿಮಗೆ ಸಾವಿನ ಯೋಚನೆ ಸೇರಿಕೊಂಡಿರುವುದರಿಂದ ಈ ದಾರಿಯನ್ನು ನಾನು ಒಪ್ಪುವುದಿಲ್ಲ.

ನಿದ್ದೆಯನ್ನು ಇವತ್ತಿನಿಂದಲೇ ಸರಿಮಾಡಲು ಶುರು ಮಾಡಬಹುದು. ರಾತ್ರಿಯಲ್ಲಿ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಸಿಗಬೇಕು. ಎಂಟೂವರೆಗೆ ಹಾಲು ಕೊಟ್ಟು ಬೇರೆ ಕೋಣೆಯಲ್ಲಿ ಮಲಗಿಬಿಡಿ. ಮಲಗುವ ಮೊದಲು ಸ್ವಲ್ಪ ಹಾಲು ಹಿಂಡಿ ಮುಚ್ಚಿಡಿ. ತೆಗೆದ ಎದೆಹಾಲು ಹೊರಗಿಟ್ಟರೆ ನಾಲ್ಕು ಗಂಟೆ ಕೆಡುವುದಿಲ್ಲ. ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ, ಆದರೆ ನಮ್ಮ ಕಡೆಯ ಕರೆಂಟನ್ನು ನಂಬಿ ಅಷ್ಟು ದಿನ ಇಡಬೇಡಿ. ಮಧ್ಯೆ ಮಗು ಎದ್ದರೆ ಗಂಡ ಅಥವಾ ಅತ್ತೆ ಒಳಲೆಯಲ್ಲಿ ಕುಡಿಸಲಿ. ಒಳಲೆ ಅತ್ತೆಯವರಿಗೆ ಚೆನ್ನಾಗಿ ಗೊತ್ತು, ಅವರು ಮಕ್ಕಳನ್ನು ಸಾಕಿದ್ದೇ ಅದರಲ್ಲಿ. ಅವರಿಗೆ ಒಂದು ಕೆಲಸ ಕೊಟ್ಟು ನೋಡಿ, ಮಾತಿನ ಧಾಟಿಯೂ ಸ್ವಲ್ಪ ಬದಲಾಗಬಹುದು. ಖಿನ್ನತೆ ಹಗುರವಾಗಿದ್ದರೆ ನಿದ್ದೆ, ಊಟ, ಕೈಗೊಂದು ಕೈ, ಇಷ್ಟರಲ್ಲೇ ಎಷ್ಟೋ ಗುಣ ಸಿಗುತ್ತದೆ. ನಿಮ್ಮದಕ್ಕೆ ಇಷ್ಟೇ ಸಾಲದು ಅಂತ ನನ್ನ ಅನಿಸಿಕೆ.

ಮಾತಿನ ಚಿಕಿತ್ಸೆ ಇದೆ. ಸುಮ್ನೆ ಧೈರ್ಯ ಹೇಳಿ ಕಳಿಸುವುದಲ್ಲ. ವಾರಕ್ಕೊಮ್ಮೆ, ಎಂಟು ಹತ್ತು ಸಲ ಕೂತು, ಯೋಚನೆ ಹೇಗೆ ಹುಟ್ಟುತ್ತದೆ, ನೀವು ಅದಕ್ಕೆ ಏನು ಮಾಡುತ್ತೀರಿ ಅನ್ನುವುದನ್ನು ಬಿಡಿಸಿ ನೋಡುವುದು. ಉದಾಹರಣೆಗೆ ಬಾವಿ. ಹೋಗದೆ ಇದ್ದಷ್ಟೂ 'ಹೋಗದೆ ಇದ್ದದ್ದಕ್ಕೇ ಬಚಾವಾದೆ' ಅಂತ ಮನಸ್ಸು ನಂಬುತ್ತದೆ. ಭಯ ಬೆಳೆದು ಮೆಟ್ಟುಗತ್ತಿಗೂ ಹಬ್ಬುತ್ತದೆ, ನಿಮಗೆ ಆಗಿರುವುದು ಅದೇ. ಚಿಕಿತ್ಸೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮತ್ತೆ ಹತ್ತಿರ ಹೋಗುವುದನ್ನು ಕಲಿಸುತ್ತಾರೆ. ಇದನ್ನು ಈಗ ನೀವೇ ಒಬ್ಬರೇ ಪ್ರಯತ್ನಿಸಬೇಡಿ. ಮೊದಲು ಖಿನ್ನತೆ ಇಳಿಯಲಿ, ಅಲ್ಲಿಯವರೆಗೆ ನೀರನ್ನು ಬೇರೆಯವರು ಸೇದಲಿ. ಈ ದಾರಿಯ ತೊಂದರೆ ಅಂದರೆ ದೂರ. ವಾರವಾರ ಮಗು ಕಟ್ಟಿಕೊಂಡು 60 ಕಿಲೋಮೀಟರ್ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುವುದು ಸುಲಭ ಅಲ್ಲ. ಮೊದಲ ಒಂದೆರಡು ಸಲ ಬಂದು, ಆಮೇಲೆ ಫೋನಿನಲ್ಲಿ ಮುಂದುವರಿಸಲು ಆಗುತ್ತದೆಯಾ ಅಂತ ಕೇಳಿ. ಒಪ್ಪುವವರು ಇದ್ದಾರೆ.

ಮಾತ್ರೆ. ನಿಮ್ಮ ದೊಡ್ಡ ಭಯ ಇದೇ ಅಲ್ವಾ? ಎದೆಹಾಲು ಬಿಡಿಸಬೇಕಾಗಿಲ್ಲ. ಹಾಲುಣಿಸುವ ತಾಯಂದಿರಿಗೆ ನಾವು ಸಾಮಾನ್ಯವಾಗಿ ಮೊದಲು ಯೋಚಿಸುವ ಔಷಧಿ ಸರ್ಟ್ರಲೀನ್. ಅದು ಹಾಲಿಗೆ ಹೋಗುವುದು ತುಂಬಾ ಕಡಿಮೆ. ಪರೀಕ್ಷಿಸಿದ ಹೆಚ್ಚಿನ ಶಿಶುಗಳ ರಕ್ತದಲ್ಲಿ ಕಾಣಿಸಿಯೇ ಇಲ್ಲ, ಇಲ್ಲವೇ ತೀರಾ ಅಲ್ಪ. ತಿಂಗಳು ತುಂಬದೆ ಹುಟ್ಟಿದ, ಕಾಯಿಲೆ ಇರುವ ಮಗುವಾದರೆ ಮಕ್ಕಳ ವೈದ್ಯರ ಜೊತೆ ಮಾತಾಡಿಕೊಂಡು ಕೊಡುತ್ತೇವೆ. ಔಷಧಿ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ಸ್ವಲ್ಪ ಚಡಪಡಿಕೆ ಇರಬಹುದು. ಚಡಪಡಿಕೆ ಜೋರಾದರೆ ಕೂಡಲೇ ತಿಳಿಸಬೇಕು. ಎಷ್ಟೋ ಜನ ಈ ವಾರದಲ್ಲೇ 'ನನಗೆ ಆಗಿಬರಲಿಲ್ಲ' ಅಂತ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಗುಣ ಕಂಡ ಎರಡನೇ ತಿಂಗಳಿಗೆ ತಾವೇ ನಿಲ್ಲಿಸಿ ಮತ್ತೆ ಬೀಳುತ್ತಾರೆ. ಪೂರ್ತಿ ಚೆನ್ನಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ನಿಧಾನಕ್ಕೆ ಕಡಿಮೆ ಮಾಡುತ್ತೇವೆ. ಇದು ಚಟ ಹತ್ತಿಸುವ ಮಾತ್ರೆ ಅಲ್ಲ. ಚಟದ ಭಯ ಇರುವುದು ಕೆಲವು ನಿದ್ದೆ ಮಾತ್ರೆಗಳಿಗೆ. ಅವನ್ನು ಕೊಟ್ಟರೂ ಕೆಲವೇ ದಿನ ಕೊಡುತ್ತೇವೆ. ಅದನ್ನು ತಗೊಂಡ ರಾತ್ರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು. ಅಂಗಡಿಯಲ್ಲಿ ಕೇಳಿ ನೀವೇ ತಂದು ನುಂಗಬೇಡಿ.

ಒಂದು ವಿಷಯವನ್ನು ಮರೆಯದೆ ಹೇಳಬೇಕು. ಈ ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ, ವಿಪರೀತ ಹುರುಪಿನಲ್ಲಿ, ನಿಲ್ಲದೆ ಮಾತಾಡಿಕೊಂಡು ಕೆಲವು ದಿನ ಕಳೆದಿದ್ದಿರಾ? ತವರಿನಲ್ಲಿ ಯಾರಿಗಾದರೂ ಹಾಗಿತ್ತಾ? ಇದ್ದರೆ ಔಷಧಿಯೇ ಬೇರೆ. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಆ ವಿಪರೀತ ಹುರುಪು ಕೆರಳುವ ಅಪಾಯ ಇದೆ.

ನಾನು ನಿಮ್ಮ ವೈದ್ಯೆಯಾಗಿದ್ದರೆ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಒಟ್ಟಿಗೆ ಶುರು ಮಾಡುತ್ತಿದ್ದೆ. ಜೊತೆಗೆ ರಕ್ತ ಪರೀಕ್ಷೆ.

ಗಂಡನಿಗೆ ಹೇಳಬೇಕಾ? ಹೇಳಲೇಬೇಕು. ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಒಂದೂ ದೂರಿಲ್ಲ. ಮಗುವಿಗೆ ಚುಚ್ಚುಮದ್ದು ಹಾಕಿಸಿದ ದಿನ ಅವರೇ ರಾತ್ರಿಯೆಲ್ಲ ಎತ್ತಿಕೊಂಡು ಓಡಾಡಿದರು ಅಂತ ಬರೆದಿದ್ದೀರಿ. ಅಂಥವರಿಗೆ ಹೇಳಬಹುದು. ಎಲ್ಲರೂ ಕೂತು ಅಡಿಕೆ ಸುಲಿಯುವಾಗ ಬೇಡ. ರಾತ್ರಿ ಹಂಡೆಯ ಒಲೆ ಮುಂದೆ ಅವರೊಬ್ಬರೇ ಅಡಿಕೆ ಬೇಯಿಸುತ್ತಾ ಕೂತಿರುತ್ತಾರಲ್ಲ, ಆಗ ಹೋಗಿ ಪಕ್ಕದಲ್ಲಿ ಕೂರಿ. ಬಾವಿಯಿಂದ ಶುರು ಮಾಡಬೇಡಿ. ಕೇಳಿದವರು ಹೆದರಿಬಿಡುತ್ತಾರೆ, ಉಳಿದದ್ದು ಕಿವಿಗೆ ಹೋಗುವುದಿಲ್ಲ. ಹೀಗೆ ಹೇಳಬಹುದು: "ರೀ, ಹೆರಿಗೆ ಆದಾಗಿನಿಂದ ನಂಗೆ ಮನಸ್ಸು ಸರಿಯಿಲ್ಲ. ನಿದ್ದೆ ಬರ್ತಿಲ್ಲ. ಏನೇನೋ ಕೆಟ್ಟ ಯೋಚನೆ ಬರುತ್ತೆ. ಇದು ಬಾಣಂತಿಯರಿಗೆ ಬರೋ ಕಾಯಿಲೆ, ಔಷಧಿ ಇದೆಯಂತೆ. ಈ ವಾರ ಶಿವಮೊಗ್ಗಕ್ಕೆ ಕರ್ಕೊಂಡ್ ಹೋಗಿ." ಬಾಯಿ ಬರದಿದ್ದರೆ ಈ ಉತ್ತರವನ್ನೇ ಅವರ ಕೈಗೆ ಕೊಡಿ.

ನಿಮ್ಮ ಗಂಡ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಏನೂ ಬುದ್ಧಿ ಹೇಳಬೇಡಿ. 'ಎಷ್ಟು ದಿನದಿಂದ?' ಅಂತ ಕೇಳಿ, ಕೇಳಿಸಿಕೊಳ್ಳಿ. ಸತ್ತುಹೋಗಬೇಕು ಅನಿಸುತ್ತಾ ಅಂತ ನೇರ ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಬರುವುದಿಲ್ಲ. ಯಾರೋ ಕೇಳಿದರಲ್ಲ ಅಂತ ಹಗುರಾಗುತ್ತದೆ. ತೋಟಕ್ಕೆ ಹೊಡೆಯುವ ಔಷಧಿಗಳಿಗೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇರಲಿ. ಕೆಲವು ವಾರ ಆಕೆಯನ್ನು ಒಬ್ಬರನ್ನೇ ಬಿಟ್ಟು ಮನೆಯವರೆಲ್ಲ ಹೊರಗೆ ಹೋಗಬೇಡಿ.

ಮಗುವನ್ನು ಕಿತ್ತುಕೊಂಡರೆ ಅನ್ನುವ ಭಯಕ್ಕೆ ಕಾನೂನೇ ಉತ್ತರ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ತಾಯಿಯಿಂದಲೇ ಮಗುವಿಗೆ ಅಪಾಯ ಅಂತ, ಇಲ್ಲವೇ ಮಗುವಿನ ಹಿತಕ್ಕೆ, ಸುರಕ್ಷತೆಗೆ ಅದು ಬೇಕು ಅಂತ ಮನೋವೈದ್ಯರು ಕಂಡುಕೊಂಡರೆ ಮಾತ್ರ ತಾತ್ಕಾಲಿಕವಾಗಿ ಬೇರೆ ಇಡಬಹುದು. ಆಗಲೂ ತಾಯಿ ಮಗುವನ್ನು ನೋಡಬಹುದು. ನಿಮ್ಮ ಕಾಯಿಲೆಯ ವಿಷಯ ಗುಟ್ಟಾಗಿಡುವುದು ನಮ್ಮ ಕರ್ತವ್ಯ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಹೆರಿಗೆಯ ನಂತರದ ಖಿನ್ನತೆ ಬಂತು ಅಂತ ಸುಲಭಕ್ಕೆ ವಿಚ್ಛೇದನವೂ ಸಿಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಒಟ್ಟಿಗೆ ಉಳಿದು ಚಿಕಿತ್ಸೆ ಪಡೆಯುವ ವಿಭಾಗವೇ ಇದೆ. ನಿಮಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಕ್ಕಿಲ್ಲ. ಅಂಥದ್ದು ಇದೆ ಅಂತ ಗೊತ್ತಿರಲಿ ಅಂತ ಹೇಳಿದೆ.

ಎಲ್ಲಿಗೆ ಹೋಗುವುದು? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಖಾಸಗಿ ವೈದ್ಯರೂ ಇದ್ದಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆ ಇದೆ. ತೀರ್ಥಹಳ್ಳಿಗೆ ಯಾವ ಮಂಗಳವಾರ ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗುವಿಗೆ ಆರು ತಿಂಗಳು ತುಂಬಿದಾಗ ಅವರೇ ಮನೆಗೆ ಬರುತ್ತಾರೆ, ಆದರೆ ಅಲ್ಲಿಯವರೆಗೆ ಕಾಯಬೇಡಿ. ಪರಿಚಯದವರು ನೋಡಿಬಿಟ್ಟರೆ ಅನ್ನುವ ಅಳುಕು ಇದ್ದೇ ಇರುತ್ತದೆ, ನಮ್ಮೂರುಗಳಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಕೇಳಿದವರಿಗೆ ಥೈರಾಯ್ಡ್ ಪರೀಕ್ಷೆಗೆ ಅನ್ನಿ. ಅದು ಸುಳ್ಳೂ ಅಲ್ಲ.

ಒಳಗೆ ಏನು ನಡೆಯುತ್ತದೆ ಅಂತ ಹೇಳಿದರೆ ಹೆದರಿಕೆ ಕಡಿಮೆಯಾಗಬಹುದು. ಕೂರಿಸಿ ಮಾತಾಡಿಸುತ್ತಾರೆ. ಕೆಲವರು ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ. ಬ್ರಿಟನ್ನಿನ ಎಡಿನ್‌ಬರಾದಲ್ಲಿ ತಯಾರಾಗಿ 1987ರಲ್ಲಿ ಪ್ರಕಟವಾದದ್ದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ನಿಮಗೆ ಹೇಗನಿಸಿತು ಅಂತ ಕೇಳುತ್ತದೆ. ಹತ್ತನೆಯ ಪ್ರಶ್ನೆ, ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅನ್ನುವುದು. ಒಟ್ಟು ಅಂಕ ಎಷ್ಟೇ ಬರಲಿ, ಆ ಪ್ರಶ್ನೆಗೆ ಹೌದು ಅಂದವರ ಜೊತೆ ನಾವು ಅವತ್ತೇ ಕೂತು ಮಾತಾಡುತ್ತೇವೆ. ನೀವು ನನಗೆ ಬರೆದ ಆ ಒಂದು ಸಾಲನ್ನು ಅಲ್ಲಿ ಬಿಡಬೇಡಿ. ನಾಚಿಕೆಯಾದರೆ ಕಾಗದದಲ್ಲಿ ಬರೆದು ಕೊಡಿ. ಬಾವಿಯದ್ದನ್ನೂ ಹೇಳಿ, ಅವರಿಗೆ ಅದು ಹೊಸದಲ್ಲ.

ತಾಯಿ ಕಾರ್ಡ್, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದ, ಈಗ ತಗೊಳ್ಳುತ್ತಿರುವ ಮಾತ್ರೆ ಏನಾದರೂ ಇದ್ದರೆ ಅದು, ಎಲ್ಲ ಚೀಲದಲ್ಲಿಟ್ಟುಕೊಳ್ಳಿ. ಬೆಳಗಿನ ಬಸ್ಸಿಗೆ ಹೊರಡಿ, ಸರದಿ ಉದ್ದ ಇರುತ್ತದೆ. ಮಗುವನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಅವಳಿಗೆ ಎರಡು ಜೊತೆ ಬಟ್ಟೆ, ಬೆಚ್ಚಗೆ ಒಂದು ಟೋಪಿ, ನಿಮಗೊಂದು ಬಾಟಲಿ ನೀರು. ಕಾಯುವಾಗ ಹಾಲು ಕೊಡಲು ಒಂದು ಮೂಲೆ ಬೇಕು ಅಂತ ನರ್ಸ್ ಹತ್ತಿರ ಕೇಳಿ.